ಹನ್ನೊಂದೂವರೆ ಹಲ್ಲಿನ ನಲ್ಲಿ

2008ರ ಏಪ್ರಿಲ್ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಆರೂವರೆಗೆ, ಡೊಂಬಿವಲಿ ಪೂರ್ವದಲ್ಲಿರುವ ನಮ್ಮ ಕಟ್ಟಡದ ಹಿಂಬದಿಯ ನಲ್ಲಿಗೆ ಕಟ್ಟಿದ್ದ ಹಸಿರು ಪ್ಲಾಸ್ಟಿಕ್ ಪೈಪು ಕಳಚಿಕೊಂಡಿತು. ನೀರು ಆರೇಳು ಅಡಿ ದೂರದ ಗೋಡೆಯಲ್ಲಿದ್ದ ವಿದ್ಯುತ್ ಮೀಟರುಗಳ ಪೆಟ್ಟಿಗೆಗೆ ಬಡಿಯಿತು. ಯಾರಿಗೂ ಅಪಾಯವಾಗಲಿಲ್ಲ. ಹದಿನಾರು ಮನೆಗಳಿಗೆ ಎರಡು ಗಂಟೆ ಕರೆಂಟ್ ಇರಲಿಲ್ಲ.

ಪೈಪಿನ ಇನ್ನೊಂದು ತುದಿಯನ್ನು ಹಿಡಿದುಕೊಂಡಿದ್ದವರು ನೆಲಮಹಡಿಯ ಅಕ್ಕ. ಉಡುಪಿ ಕಡೆಯವರು, ಆಗ ಐವತ್ತೈದರ ಆಸುಪಾಸು. ಗಂಡ ಠಾಣೆಯ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು, ಬೆಳಿಗ್ಗೆ ಐದೂಕಾಲರ ಲೋಕಲ್ ಹಿಡಿದು ಹೋದರೆ ಮರಳುವುದು ಸಂಜೆಗೆ. ಕಟ್ಟಡದ ಹಿಂದೆ, ಕಾಂಪೌಂಡ್ ಗೋಡೆಗೂ ನಮ್ಮ ಗೋಡೆಗೂ ನಡುವೆ ನಾಲ್ಕು ಅಡಿ ಅಗಲದ ಮಣ್ಣಿನ ಪಟ್ಟಿಯೊಂದಿತ್ತು. ಬಿಲ್ಡರ್ ಅದನ್ನು ಯಾಕೆ ಬಿಟ್ಟಿದ್ದನೋ ಗೊತ್ತಿಲ್ಲ. ಅಕ್ಕ ಅಲ್ಲಿ ಬಸಳೆ ಬೆಳೆಸಿದ್ದರು. ಬಿದಿರಿನ ಚಪ್ಪರ, ಅದರ ಮೇಲೆ ಹೆಬ್ಬೆರಳಿನಷ್ಟು ದಪ್ಪದ ಕೆಂಪು ದಂಟಿನ ಬಳ್ಳಿ. ಚಪ್ಪರದ ಕೆಳಗಿನ ನೆರಳಲ್ಲಿ ಕೆಸು. ಮದುವೆಯಾಗಿ ಬಂದ ಎರಡನೇ ವರ್ಷ ಊರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಒಂದು ಗೇಣು ದಂಟಿನಿಂದ ಆದದ್ದು ಇಷ್ಟೂ. ಜುಲೈ ತಿಂಗಳಲ್ಲಿ ನಮ್ಮ ಓಣಿಯ ಕರಾವಳಿಯ ಮನೆಗಳೆಲ್ಲ ಪತ್ರೊಡೆಗೆ ಅವರ ಕೆಸುವಿನ ಎಲೆಯನ್ನೇ ಕಾಯುತ್ತಿದ್ದವು. ಮಾರುತ್ತಿರಲಿಲ್ಲ, ಕೊಡುತ್ತಿದ್ದರು.

ಮೊದಲು ಅವರು ಕೊಡಪಾನದಲ್ಲಿ ನೀರು ಹೊತ್ತು ಹಾಕುತ್ತಿದ್ದರು. ಹಿಂದಿನ ವರ್ಷದ ಕೊನೆಗೆ ಬಲಮಂಡಿಯ ಆಪರೇಶನ್ ಆಯಿತು. ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದರು. ಆದ್ದರಿಂದ ಪೈಪು ಬಂತು.

ನಲ್ಲಿ ಕೊಡುತ್ತಿದ್ದದ್ದು ಬೋರಿಂಗ್ ನೀರು, ಅಂದರೆ ಕೊಳವೆಬಾವಿಯದು. ಪಂಪು ಓಡುತ್ತಿದ್ದದ್ದು ಬೆಳಿಗ್ಗೆ ಆರೂಕಾಲರಿಂದ ಏಳರವರೆಗೆ, ಮುಕ್ಕಾಲು ಗಂಟೆ. ಮೆಟ್ಟಿಲು ತೊಳೆಯುವುದಕ್ಕೂ ಗಿಡಗಳಿಗೂ ಅಷ್ಟೇ. ನೀರು ಒಮ್ಮೆಲೇ ಜೋರಾಗಿ ಬರುತ್ತಿತ್ತು. ಅಕ್ಕ ಪೈಪನ್ನು ನಲ್ಲಿಯ ಬಾಯಿಗೆ ಏರಿಸಿ, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಅದರ ಮೇಲೆ ಬಾಳೆನಾರಿನಿಂದ ಬಿಗಿದು ಕಟ್ಟುತ್ತಿದ್ದರು. ನಾರು ನೀರು ಕುಡಿದರೆ ಉಬ್ಬಿ ಬಿಗಿಯಾಗುತ್ತದೆ ಎನ್ನುವುದು ಅವರ ಲೆಕ್ಕ. ಮಲ್ಲಿಗೆ ಕಟ್ಟುವ ಕೈ ಅದು, ಗಂಟು ಸಡಿಲವಾಗುವ ಪ್ರಶ್ನೆಯಿರಲಿಲ್ಲ. ಆ ಭಾನುವಾರ ಗಂಟು ಹಾಗೇ ಇತ್ತು. ಗಂಟಿನ ಸಮೇತ ಪೈಪೇ ಜಾರಿ ಹೊರಬಂದಿತ್ತು.

ಕರೆಂಟ್ ಬಂದ ಮೇಲೆ ಸೊಸೈಟಿಯ ಸೆಕ್ರೆಟರಿ ಹಿಂದಕ್ಕೆ ಬಂದರು. ನಿವೃತ್ತ ಸರ್ಕಾರಿ ನೌಕರ, ಮರಾಠಿಯವರು, ಮಾತು ಮೆತ್ತಗೆ. ಮೆತ್ತಗಿನ ಮಾತಿನವರು ಹೇಳಿದ್ದನ್ನು ಮಾಡುತ್ತಾರೆ ಎನ್ನುವುದು ಕಟ್ಟಡಕ್ಕೆಲ್ಲ ಗೊತ್ತಿತ್ತು.

"ವಹಿನಿ," ಎಂದು ಅತ್ತಿಗೆಯನ್ನು ಕರೆಯುವ ಹಾಗೆ ಮರಾಠಿಯಲ್ಲಿ ಶುರುಮಾಡಿದರು, "ಸ್ಕೂಟರ್ ನಿಲ್ಲಿಸಲು ಜಾಗವಿಲ್ಲ ಅಂತ ಎಂಟು ಜನ ಬರೆದು ಕೊಟ್ಟಿದ್ದಾರೆ. ಈ ಪಟ್ಟಿಯ ಮಣ್ಣು ಮುಚ್ಚಿ ಪೇವರ್ ಬ್ಲಾಕ್ ಹಾಕಿ ಅಂತ. ಇಷ್ಟು ದಿನ ನಾನು ತಡೆದೆ. ಈಗ ಮೀಟರಿಗೇ ನೀರು ಬಿತ್ತು. ನಾನು ಏನಂತ ತಡೆಯಲಿ?"

"ಒಂದು ಸಲ ಆಯ್ತು ಭಾವೂಜಿ. ಇನ್ನೊಂದು ಸಲ ಆಗೂದಿಲ್ಲ," ಎಂದು ಅಕ್ಕ ತಮ್ಮ ಮರಾಠಿಯಲ್ಲಿ ಹೇಳಿದರು. ಅವರ ಮರಾಠಿಯೂ ಉಡುಪಿಯದ್ದೇ.

"ಮೇ ತಿಂಗಳ ಮೊದಲ ಭಾನುವಾರ ಮೀಟಿಂಗ್ ಇದೆ. ಅಷ್ಟರೊಳಗೆ ಒಂದು ಹನಿ ಸೋರದ ಹಾಗೆ ಪೈಪು ಕೂರಿಸಿ ತೋರಿಸಿ. ಆಗ ನಾನು ನಿಮ್ಮ ಕಡೆ ಮಾತಾಡುತ್ತೇನೆ. ಇಲ್ಲದಿದ್ದರೆ ಪೇವರ್ ಬ್ಲಾಕ್."

ಅವರು ಹೋದ ಮೇಲೆ ಅಕ್ಕ ಚಪ್ಪರದ ಕಡೆ ನೋಡಿದರು. ನಾನು ಬಕೆಟ್ ಹಿಡಿದು ಮೀಟರ್ ಗೋಡೆಯ ಕೆಳಗಿನ ನೀರು ಬಳಿಯುತ್ತಿದ್ದೆ.

"ಪೇಪರಿನವ್ರೆ," ಎಂದರು, "ಮಕ್ಕಳು ನಾನು ಕನ್ನಡದಲ್ಲಿ ಕೇಳಿದ್ರೆ ಹಿಂದಿಯಲ್ಲಿ ಉತ್ತರ ಕೊಡ್ತಾವೆ. ಇವರು ಮನೆಗೆ ಬಂದ್ರೆ ಟೀವಿಗೆ ಉತ್ತರ ಕೊಡ್ತಾರೆ. ಈ ಊರಲ್ಲಿ ನಾನು ಹೇಳಿದ ಹಾಗೆ ಕೇಳುದು ಇದೊಂದೇ ಮಾರಾಯ್ರೆ. ಇದೂ ಹೋದ್ರೆ ನಾನು ಯಾರಿಗೆ ಜೋರು ಮಾಡುದು?"

ನಗುತ್ತಲೇ ಹೇಳಿದರು. ಆದರೆ ಬಳ್ಳಿಯ ಬುಡದಲ್ಲಿ ಕೂತು, ಆಪರೇಶನ್ ಆದ ಕಾಲನ್ನು ಮುಂದಕ್ಕೆ ಚಾಚಿಕೊಂಡು, ಒಣಗಿದ್ದ ಎಲೆಗಳನ್ನು ಒಂದೊಂದಾಗಿ ಕೀಳತೊಡಗಿದರು. ಅವತ್ತು ಆ ಬಳ್ಳಿಗೆ ನೀರು ಸಿಕ್ಕಿರಲಿಲ್ಲ.

ನಾನು ಆಗ ಮುಂಬಯಿಯ ಒಂದು ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ವರದಿಯಲ್ಲಿ ಬಂದ ಅಂಕಿ ಸರಿಯಿದೆಯೇ, ಹೆಸರು ಸರಿಯಿದೆಯೇ, ಕೂಡಿಸಿದರೆ ಮೊತ್ತ ಹೊಂದುತ್ತದೆಯೇ ಎಂದು ನೋಡುವುದು ಕೆಲಸ. ಇದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಅಕ್ಕನಿಗೆ ಹೇಳಿದೆ. ಒಂದು ನಲ್ಲಿಯ ಬಾಯಿ ಅಳೆಯುವುದರಲ್ಲಿ ಏನಿದೆ ಎಂದುಕೊಂಡಿದ್ದೆ.

ಆ ನಲ್ಲಿಯನ್ನು ಹನ್ನೊಂದು ವರ್ಷದಿಂದ ನೋಡುತ್ತಿದ್ದರೂ ಆವತ್ತೇ ಮೊದಲ ಸಲ ಸರಿಯಾಗಿ ನೋಡಿದ್ದು. ಹಿತ್ತಾಳೆಯದು, ಕಪ್ಪುಗಟ್ಟಿತ್ತು. ಕೈಯಲ್ಲಿ ಹಿಡಿದರೆ ಮುಷ್ಟಿ ತುಂಬುವಷ್ಟು ದಪ್ಪ. ತಿರುಗಿಸಲು ಹಿಡಿಯ ಬದಲು ಹೂವಿನಾಕಾರದ ಸಣ್ಣ ಚಕ್ರ. ಬಾಯಿ ನೇರ ಕೆಳಕ್ಕಿರದೆ ಓರೆಯಾಗಿ ಮುಂದಕ್ಕೆ ಚಾಚಿತ್ತು, ಅದರ ಹೊರಮೈಗೆ ತಿರುಪಿನ ಗೆರೆಗಳಿದ್ದವು. ಮನೆಯೊಳಗಿನ ಯಾವ ನಲ್ಲಿಗೂ ಅದು ಸಂಬಂಧಿಯಂತೆ ಕಾಣಲಿಲ್ಲ. ಸ್ಟೀಲಿನ ಸ್ಕೇಲು ತಂದು ಬಾಯಿಯ ಹೊರ ಅಳತೆ ತೆಗೆದೆ. ಇಪ್ಪತ್ತೇಳು ಮಿಲಿಮೀಟರ್. ಮೂರು ಸಲ ಅಳೆದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಒಂದು ಇಂಚು ಎಂದರೆ ಇಪ್ಪತ್ತೈದೂವರೆಯ ಹತ್ತಿರ. ಹಳೆಯ ನಲ್ಲಿ, ಸ್ವಲ್ಪ ಹೆಚ್ಚುಕಡಿಮೆ ಇರಬಹುದು. ಒಂದು ಇಂಚು ಎಂದು ತೀರ್ಮಾನಿಸಿದೆ.

ಸ್ಟೇಷನ್ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಇಂಚಿನ ಜೋಡಣೆ ಕೇಳಿ ತಂದೆ. ಒಂದು ಕಡೆ ನಲ್ಲಿಯ ಬಾಯಿಗೆ ತಿರುಗಿಸುವ ನಟ್ಟು, ಇನ್ನೊಂದು ಕಡೆ ಪೈಪು ಏರಿಸುವ ಮೂತಿ. ಮನೆಗೆ ಬಂದು ನಲ್ಲಿಗೆ ಹಿಡಿದರೆ ಅದು ತಿರುಗುವ ಮಾತೇ ಇಲ್ಲ, ಬಳೆಯ ಹಾಗೆ ಸುಮ್ಮನೆ ಒಳಗೆ ಹೋಯಿತು. ಸುತ್ತಲೂ ಬೆಂಕಿಕಡ್ಡಿ ತೂರಿಸಬಹುದಿತ್ತು.

"ಇದು ನಲ್ಲಿಗೆ ಅಲ್ಲ, ಆನೆಗೆ ತಂದದ್ದು," ಎಂದರು ಅಕ್ಕ.

ಮರುದಿನ ಅಂಗಡಿಗೆ ಹೋಗಿ ಪುಸ್ತಕ ತೆರೆದು ತೋರಿಸಿದೆ. ಅಂಗಡಿಯವನು ಗುಜರಾತಿನ ಕಚ್ಛ್ ಕಡೆಯವನು, ನನಗಿಂತ ಹಿರಿಯ. ಪುಸ್ತಕವನ್ನು ಓದಿ, ಕನ್ನಡಕ ತೆಗೆದು, ಪಕ್ಕದಲ್ಲಿ ನಿಂತಿದ್ದ ಪ್ಲಂಬರನನ್ನು ಕರೆದು ಅವನಿಗೂ ತೋರಿಸಿದ. ಇಬ್ಬರೂ ನಕ್ಕರು.

"ಸಾಬ್, ಸ್ಕೇಲ್ ಸೇ ನಾಪಾ?" ಎಂದ. ಸ್ಕೇಲಿನಿಂದ ಅಳೆದಿರಾ ಎಂದು. ಹೌದು ಎಂದೆ.

ಆಮೇಲೆ ವಿವರಿಸಿದ. ಪೈಪಿನ ಇಂಚು ಸ್ಕೇಲಿನಲ್ಲಿರುವುದಿಲ್ಲ. ಅರ್ಧ ಇಂಚು ಎಂದು ಕರೆಯುವುದನ್ನು ಅಳೆದರೆ ಇಪ್ಪತ್ತೊಂದು ಮಿಲಿಮೀಟರ್ ಬರುತ್ತದೆ. ಮುಕ್ಕಾಲು ಎನ್ನುವುದು ಇಪ್ಪತ್ತಾರು ಚಿಲ್ಲರೆ. ಒಂದು ಇಂಚು ಎನ್ನುವುದು ಮೂವತ್ತಮೂರು. ಅವು ಹೆಸರುಗಳು, ಅಳತೆಗಳಲ್ಲ. ಇಪ್ಪತ್ತು ವರ್ಷ ಅಂಕಿಗಳನ್ನು ತಿದ್ದಿದ ನಾನು ಆ ಅಂಗಡಿಯ ಮುಂದೆ ನಿಂತು ಇದನ್ನು ಮೊದಲ ಬಾರಿ ಕೇಳಿದೆ. ಹೆಂಗಸರು, ಮಕ್ಕಳು, ಪ್ಲಂಬರುಗಳು ಬಂದು ಅರ್ಧ, ಮುಕ್ಕಾಲು ಎಂದು ಕೇಳಿ ಸರಿಯಾದದ್ದನ್ನೇ ಒಯ್ಯುತ್ತಿದ್ದರು. ಅಳತೆ ಮಾಡಿದವನು ಮಾತ್ರ ತಪ್ಪಿದ್ದ.

"ಪೌನಾ ಲೇ ಜಾಓ," ಎಂದು ಮುಕ್ಕಾಲಿನದ್ದನ್ನು ಕೊಟ್ಟ.

ಮರುಬೆಳಿಗ್ಗೆ ಪಂಪಿಗೆ ಮೊದಲೇ ಹಾಕಿ ನೋಡಿದೆ. ಅದು ನಲ್ಲಿಗೆ ಹಿಡಿಯಿತು. ಒಂದು ಸುತ್ತು ಸಲೀಸಾಗಿ ಹೋಯಿತು. ಇನ್ನರ್ಧ ಸುತ್ತಿಗೆ ಗಟ್ಟಿಯಾಯಿತು, ಆಮೇಲೆ ಅಲ್ಲಾಡಲಿಲ್ಲ. ಸ್ಪ್ಯಾನರ್ ಹಾಕಿ ಜೋರು ಮಾಡಿದೆ. ಹಿತ್ತಾಳೆಯ ಒಂದು ಚಿನ್ನದ ಬಣ್ಣದ ಎಳೆ ಸುರುಳಿ ಸುತ್ತಿಕೊಂಡು ನನ್ನ ಅಂಗೈಗೆ ಬಿತ್ತು. ನಿಲ್ಲಿಸಿದೆ. ಅಷ್ಟರಲ್ಲೇ ಪಂಪು ಶುರುವಾಗಿ, ಒಂದೂವರೆ ಸುತ್ತಿನ ಜೋಡಣೆಯ ಸುತ್ತ ನೀರು ಛತ್ರಿಯಂತೆ ಅರಳಿತು.

ಮುಂದಿನ ಹನ್ನೊಂದು ದಿನ ನಾನು ಹೋದ ಕಡೆಯಲ್ಲೆಲ್ಲ ಕೇಳಿದೆ. ಕಲ್ಯಾಣದಲ್ಲಿ ಒಬ್ಬ, ನಲ್ಲಿ ಸವೆದಿದೆ, ದಾರ ಸುತ್ತಿ ಎಂದ. ದಾರ ಸುತ್ತಿ ಬಿಳಿ ಮುಲಾಮು ಬಳಿದೆವು, ಸೋರಿತು. ಠಾಣೆಯಲ್ಲಿ ಒಬ್ಬ ಪೈಪಿನ ತುದಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ಮೆತ್ತಗಾಗಿಸಿ ಏರಿಸಿ ಎಂದ. ಏರಿಸಿದೆವು, ಎರಡು ದಿನ ನಿಂತು ಮೂರನೇ ದಿನ ಜಾರಿತು. ಈ ಬಾರಿ ಅಕ್ಕ ಮೀಟರ್ ಪೆಟ್ಟಿಗೆಗೆ ಮೊದಲೇ ರೇನ್‌ಕೋಟ್ ಹೊದಿಸಿದ್ದರು. ವಾಶಿಯ ದೊಡ್ಡ ಅಂಗಡಿಯೊಂದರಲ್ಲಿ ಟೈ ಕಟ್ಟಿದ ಯುವಕನೊಬ್ಬ, ಇಂಥ ಸೈಜು ಇರುವುದೇ ಇಲ್ಲ ಎಂದು ಖಚಿತವಾಗಿ ಹೇಳಿದ.

ನಲ್ಲಿಯನ್ನೇ ಬದಲಿಸಿ ಎಂದು ಎಲ್ಲರೂ ಹೇಳಿದರು. ಅದನ್ನೂ ನೋಡಿದ್ದೆವು. ನಲ್ಲಿಯ ಹಿಂದಿನ ಕಬ್ಬಿಣದ ಪೈಪು ಗೋಡೆಯೊಳಗೆ ತುಕ್ಕು ಹಿಡಿದಿತ್ತು. ನಲ್ಲಿಯನ್ನು ಬಿಚ್ಚಲು ಹೋದರೆ ಒಳಗೆ ಪೈಪೇ ಮುರಿಯುತ್ತದೆ, ಗೋಡೆ ಒಡೆಯಬೇಕು ಎಂದು ಸೊಸೈಟಿಯ ಪ್ಲಂಬರ್ ಬರೆದು ಕೊಟ್ಟಿದ್ದ. ಗೋಡೆ ಒಡೆಯಲು ಕಮಿಟಿ ಒಪ್ಪಲಿಲ್ಲ.

ಮೀಟಿಂಗಿಗೆ ಎಂಟು ದಿನ ಉಳಿದಾಗ ಐರೋಲಿಯ ಕಾಕಾ ಬಗ್ಗೆ ಕೇಳಿದೆ. ನಮ್ಮ ಕಚೇರಿಯ ಮುದ್ರಣ ವಿಭಾಗದವನೊಬ್ಬ, ಯಂತ್ರದ ಯಾವುದೋ ಭಾಗ ಸಿಗದಿದ್ದಾಗ ಅವರ ಹತ್ತಿರ ಹೋಗುತ್ತಿದ್ದ. ವಿಜಾಪುರದ ಕಡೆಯವರು. ಠಾಣೆ–ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಲೋಹ ಕಡೆಯುವ ಲೇತ್ ಯಂತ್ರ ನಡೆಸಿದವರು. ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲಿದ್ದರು. ಎಲ್ಲರಿಗೂ ಅವರು ಕಾಕಾ.

ನಲ್ಲಿಯನ್ನು ಕಿತ್ತು ಒಯ್ಯುವಂತಿರಲಿಲ್ಲ. ಅಂಕಿಯ ಮೇಲೆ ನನಗೆ ನಂಬಿಕೆ ಉಳಿದಿರಲಿಲ್ಲ. ಕೊನೆಗೆ ಪತ್ರಿಕೆಯ ಖಾಲಿ ಕಾಗದದ ಒಂದು ಪಟ್ಟಿಯನ್ನು ನಲ್ಲಿಯ ಬಾಯಿಯ ಸುತ್ತ ಬಿಗಿಯಾಗಿ ಹಿಡಿದು, ಮೇಲೆ ಪೆನ್ಸಿಲನ್ನು ಮಲಗಿಸಿ ಉಜ್ಜಿದೆ. ತಿರುಪಿನ ಗೆರೆಗಳು ಒಂದರ ಕೆಳಗೊಂದು ಕಪ್ಪಾಗಿ ಮೂಡಿದವು. ಅದನ್ನು ಮಡಚದೆ ಪುಸ್ತಕದೊಳಗಿಟ್ಟುಕೊಂಡು ಐರೋಲಿಗೆ ಹೋದೆ.

ಕಾಕಾ ಬನಿಯನ್ ಮೇಲೆ ಟವೆಲು ಹೊದ್ದು ಬಾಲ್ಕನಿಯಲ್ಲಿ ಕೂತಿದ್ದರು. ಸಣ್ಣ ಆಳು. ಕೈಗಳು ಮಾತ್ರ ಬೇರೆ ಯಾರದೋ ದೊಡ್ಡ ಮೈಯಿಂದ ತಂದು ಜೋಡಿಸಿದಂತಿದ್ದವು. ನಾನು ಕತೆ ಶುರುಮಾಡಿದೆ. ಅವರು ಕತೆ ಕೇಳಲಿಲ್ಲ, ಕಾಗದ ಇಸಿದುಕೊಂಡು ಬೆಳಕಿಗೆ ಹಿಡಿದರು. ಅಳತೆಗೋಲು ತರಲಿಲ್ಲ. ಬಲಗೈ ಹೆಬ್ಬೆರಳಿನ ಉಗುರನ್ನು ಕಪ್ಪು ಗೆರೆಗಳ ಮೇಲೆ ಒಮ್ಮೆ ಎಳೆದರು.

"ಅರ್ಧ ಇಂಚು ಉದ್ದದಾಗ ನಮ್ಮ ಮುಕ್ಕಾಲಿನ ನಲ್ಲಿಗೆ ಏಳು ಹಲ್ಲು ಇರ್ತಾವ," ಎಂದರು. ಹಲ್ಲು ಎಂದರೆ ತಿರುಪಿನ ಗೆರೆ. "ಇದ್ರಾಗ ಆರು ಸುದ್ದಾ ಇಲ್ಲ. ಐದೂ ಮುಕ್ಕಾಲು. ಅಂದ್ರ ಇಂಚಿಗೆ ಹನ್ನೊಂದೂವರಿ."

"ಅರ್ಧ ಹಲ್ಲು ಇರುತ್ತದೆಯೇ ಕಾಕಾ?"

"ಯಾಕ ಇರಬಾರ್ದು? ನಿಮ್ಮ ಪೇಪರಿನಾಗ ಅರ್ಧ ಸುದ್ದಿ ಇರಂಗಿಲ್ಲೇನು?" ಎಂದು ಮೊದಲ ಸಲ ನನ್ನ ಮುಖ ನೋಡಿದರು. "ಇದು ನಮ್ಮ ದೇಶದ್ದಲ್ರೀ. ಅಮೇರಿಕಾದ ಸೈಜು. ಅಲ್ಲಿ ಅಂಗಳದ ನಲ್ಲಿಗೆ, ಹಡಗಿನ ನಲ್ಲಿಗೆ ಹಿಂಗ ಮಾಡ್ತಾರ. ನಿಮ್ಮ ಬಿಲ್ಡರ ಹಡಗು ಒಡೆಯೋ ಕಡಿಂದ ಗುಜರಿ ಮಾಲು ತಂದಿರಬೇಕು."

ಹಡಗಿನ ವಿಚಾರಕ್ಕೆ ದಾಖಲೆಯಿಲ್ಲ. ಬಿಲ್ಡರ್ ಆಗಲೇ ಬದುಕಿರಲಿಲ್ಲ. ಅವನ ಕಾಲದ ಮೇಸ್ತ್ರಿಯನ್ನು ಹುಡುಕಿ ಕೇಳಿದಾಗ, ನಲ್ಲಿ ಎಲ್ಲಿಂದ ಬಂತೆಂದು ನೆನಪಿಲ್ಲ ಎಂದ. ಆದ್ದರಿಂದ ಇದನ್ನು ಕಾಕಾ ಅವರ ಅಭಿಪ್ರಾಯವೆಂದೇ ಬರೆಯುತ್ತೇನೆ.

ಮರುದಿನ ಭಾನುವಾರ ಅವರೇ ಬಂದರು. ಐರೋಲಿಯಿಂದ ಠಾಣೆ, ಠಾಣೆಯಿಂದ ಡೊಂಬಿವಲಿ. ನಾನು ಸ್ಟೇಷನ್ನಿನಿಂದ ಕರೆತಂದೆ. ಅಕ್ಕ ಚಹಾ ಕೊಡಲು ಹೊರಟರೆ, ಮೊದಲು ನಲ್ಲಿ ಎಂದರು. ನಲ್ಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕಣ್ಣು ಮುಚ್ಚಿದರು. ಹೆಬ್ಬೆರಳಿನ ಉಗುರು ತಿರುಪಿನ ಮೊದಲ ಗೆರೆಗೆ ಸಿಕ್ಕಿಕೊಂಡಿತು. ಅಲ್ಲಿಂದ ಬಾಯಿಯ ಸುತ್ತಲೂ ನಿಧಾನವಾಗಿ ಹೋಯಿತು. ಒಂದು ಕಡೆ ನಿಂತಿತು.

"ಇಲ್ಲಿ ಯಾರೋ ಮುಕ್ಕಾಲಿಂದು ಹಾಕಿ ಜುಲುಮಿ ಮಾಡ್ಯಾರ," ಎಂದರು, ಕಣ್ಣು ತೆರೆಯದೆ. "ಎರಡನೇ ಹಲ್ಲು ಗಾಯ ಆಗೇತಿ."

ಅಕ್ಕ ನನ್ನ ಕಡೆ ನೋಡಿದರು. ನಾನು ಒಪ್ಪಿಕೊಂಡೆ.

"ಇರ್ಲಿ. ಹೆಚ್ಚೇನು ಆಗಿಲ್ಲ."

ಆಮೇಲೆ ಉಗುರನ್ನು ಬಾಯಿಯ ತುದಿಯ ಅಂಚಿಗೆ ತಂದು ಒಂದು ಸುತ್ತು ಸವರಿದರು. ಸಣ್ಣಗೆ ನಕ್ಕರು.

"ನೋಡ್ರಿ ತಂಗೀ. ನಮ್ಮ ನಲ್ಲಿ ಹಲ್ಲಿನ ಮ್ಯಾಲೆ ನೀರು ನಿಲ್ಲಸ್ತಾವ. ಅದಕ್ಕ ನಾವು ದಾರ ಸುತ್ತತೀವಿ. ಇದು ಹಂಗಲ್ಲ. ಇದು ತುದಿ ಮ್ಯಾಲೆ ನೀರು ನಿಲ್ಲಸ್ತೈತಿ. ಹಲ್ಲು ಬರೇ ಹಿಡಕೊಳ್ಳಾಕ. ನೀವು ಎಷ್ಟು ದಾರ ಸುತ್ತಿದ್ರೂ ಉಪಯೋಗ ಇಲ್ಲ. ಒಳಗ ಒಂದು ರಬ್ಬರ್ ವಾಶರ್ ಕುಂದ್ರಬೇಕು."

"ಹಾಗಾದ್ರೆ ನಾನು ಇಷ್ಟು ದಿನ ಕಟ್ಟಿದ ಬಾಳೆನಾರು?"

"ಅದನ್ನ ಹೂವಿಗೆ ಇಟ್ಕೋರಿ."

ಅಕ್ಕ ಜೋರಾಗಿ ನಕ್ಕರು. ಎರಡು ವಾರದಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಕಾಕಾ ಎದ್ದು ನಿಂತು, ನಲ್ಲಿಯನ್ನು ಅಂಗೈಯಿಂದ ಒರೆಸಿದರು. "ಇಡೀ ನಿಮ್ಮ ಬಿಲ್ಡಿಂಗಿನಾಗ ಪೈಪು ಹಚ್ಚಾಕಂತ ಹುಟ್ಟಿದ್ದು ಇದೊಂದ ನಲ್ಲಿ," ಎಂದರು. "ಉಳಿದೂವೆಲ್ಲ ಬಕೀಟಿನೂ."

ನಾನು ಅದನ್ನು ಬರೆದುಕೊಂಡೆ. ಎರಡೂವರೆ ದಶಕ ಜನ ಯಾವ ನಲ್ಲಿಯನ್ನು ಅಡ್ಡ ಸೈಜಿನದು, ಕೆಟ್ಟದ್ದು, ಸವೆದದ್ದು ಎಂದರೋ ಅದು ಈ ಒಂದೇ ಕೆಲಸಕ್ಕೆ ಮಾಡಿದ ನಲ್ಲಿ. ಎಲ್ಲೋ ಒಂದು ದೇಶದಲ್ಲಿ ಯಾರೋ ಇಂಚಿಗೆ ಹನ್ನೊಂದೂವರೆ ಎಂದು ನಿಶ್ಚಯಿಸಿದ್ದರು. ಆ ಅರ್ಧ ಹಲ್ಲನ್ನು ಡೊಂಬಿವಲಿಯ ಒಂದು ಹಿತ್ತಲಲ್ಲಿ ಒಬ್ಬ ಮುದುಕನ ಉಗುರು ಕಂಡುಹಿಡಿದಿತ್ತು. ನಾನೂ ನಲ್ಲಿಯ ಮೇಲೆ ನನ್ನ ಉಗುರು ಎಳೆದು ನೋಡಿದೆ. ನನಗೆ ಒರಟು ಹಿತ್ತಾಳೆ ಮಾತ್ರ ಸಿಕ್ಕಿತು.

ರಬಾಳೆಯಲ್ಲಿ ಕಾಕಾ ಅವರ ಹಳೆಯ ಜೊತೆಗಾರನ ವರ್ಕ್‌ಶಾಪ್ ಇತ್ತು. ಅಲ್ಲಿನ ಹಳೆಯ ಲೇತಿನ ಮೇಲೆ ನಟ್ಟು ಕಡೆಯುವುದೆಂದಾಯಿತು. ಕೆಲಸ ಮಂಗಳವಾರಕ್ಕೆ ಮುಗಿಯಬೇಕಿತ್ತು. ಮಂಗಳವಾರ ಮುಗಿಯಲಿಲ್ಲ. ಲೇತಿನಲ್ಲಿ ಎಷ್ಟು ಹಲ್ಲು ಕಡೆಯಬೇಕೋ ಅದಕ್ಕೆ ತಕ್ಕ ಗೇರು ಚಕ್ರ ಹಾಕಬೇಕು, ಹನ್ನೊಂದೂವರೆಗೆ ನಲವತ್ತಾರು ಹಲ್ಲಿನ ಚಕ್ರ ಬೇಕು, ಅದು ಅಲ್ಲಿರಲಿಲ್ಲ. ಅಕ್ಕ ದಿನಕ್ಕೆ ಎರಡು ಸಲ ನನಗೆ ಫೋನ್ ಮಾಡಿದರು. ಕೆಳಗಿನ ಮನೆಯಿಂದ ಎರಡನೇ ಮಹಡಿಗೆ ಫೋನ್.

"ಎಂತ ಆಯ್ತು?"

"ಚಕ್ರ ಹುಡುಕುತ್ತಿದ್ದಾರೆ ಅಕ್ಕ."

"ಇವತ್ತು ಇಬ್ಬರು ಬಂದು ಟೇಪು ಹಿಡಿದು ಪಟ್ಟಿ ಅಳೆದು ಹೋದ್ರು. ಎಷ್ಟು ಸ್ಕೂಟರು ಹಿಡೀತದೆ ಅಂತ. ನಾನು ಒಳಗಿಂದಲೇ ನೋಡಿದೆ, ಚಹಾ ಕೂಡ ಕೇಳ್ಲಿಲ್ಲ."

ಉಡುಪಿ ಕಡೆಯ ಮನೆಯವರು ಬಂದವರಿಗೆ ಚಹಾ ಬೇಕೇ ಎಂದು ಕೇಳದಿರುವುದು ಎಷ್ಟು ದೊಡ್ಡ ಮಾತೆಂದು ನನಗೆ ಗೊತ್ತಿತ್ತು.

ಗುರುವಾರ ಚಕ್ರ ಸಿಕ್ಕಿತು, ಮಹಾಪೆಯ ಇನ್ನೊಂದು ವರ್ಕ್‌ಶಾಪಿನ ಗೋಡೆಯ ಮೊಳೆಯಲ್ಲಿ. ಶುಕ್ರವಾರ ನನಗೆ ವಾರದ ರಜೆ, ರಬಾಳೆಗೆ ಹೋದೆ. ಕಾಕಾ ಲೇತಿನ ಮುಂದೆ ನಿಂತಿದ್ದರು. ಬಾಲ್ಕನಿಯಲ್ಲಿ ಕೂತಿದ್ದ ಸಣ್ಣ ಆಳು ಅಲ್ಲಿರಲಿಲ್ಲ. ದೊಡ್ಡ ಕೈಗಳಿಗೆ ಹೊಂದುವ ಮನುಷ್ಯ ನಿಂತಿದ್ದ. ಹಿತ್ತಾಳೆಯ ಗುಂಡು ತಿರುಗುತ್ತಿತ್ತು. ಒಳಗಿನ ಹಲ್ಲು ಕಣ್ಣಿಗೆ ಕಾಣದ ಜಾಗದಲ್ಲಿ ಮೂಡಬೇಕು. ಅವರು ನೋಡುತ್ತಿರಲಿಲ್ಲ, ತಲೆಯನ್ನು ಸ್ವಲ್ಪ ಓರೆ ಮಾಡಿ ಕೇಳುತ್ತಿದ್ದರು. ಸದ್ದು ಒಂದು ಎಳೆಯಷ್ಟು ಬದಲಾದಾಗ ಕೈ ತಾನೇ ಹಿಡಿಯನ್ನು ಹಿಂದಕ್ಕೆಳೆಯುತ್ತಿತ್ತು. ಒಂದು ಸಲಕ್ಕೆ ಕೂದಲಿನಷ್ಟು. ಹೀಗೆ ಇಪ್ಪತ್ತಕ್ಕೂ ಹೆಚ್ಚು ಸಲ. ವರ್ಕ್‌ಶಾಪಿನ ಮಾಲೀಕರೂ ತಮ್ಮ ಕೆಲಸ ಬಿಟ್ಟು ಬಂದು ನಿಂತಿದ್ದರು. ನನ್ನ ಪುಸ್ತಕದಲ್ಲಿ ಆ ಒಂದು ಗಂಟೆಯ ಬಗ್ಗೆ ಏನೂ ಇಲ್ಲ, ಬರೆಯುವುದು ಮರೆತಿದ್ದೆ.

ಶನಿವಾರ ಬೆಳಿಗ್ಗೆ ಆರು ಗಂಟೆಗೆ ಕಾಕಾ ಡೊಂಬಿವಲಿಯಲ್ಲಿದ್ದರು. ಅಂದರೆ ಐರೋಲಿಯಿಂದ ಮೊದಲ ಗಾಡಿಗೇ ಹೊರಟಿರಬೇಕು. ನಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ತಂದಿದ್ದರು.

"ವಾಶರ್ ಮಾಡಾಕ ಒಂದು ಹವಾಯಿ ಚಪ್ಪಲಿ ಬೇಕಿತ್ತು," ಎಂದರು.

"ಯಾರದ್ದಾಗ್ಬೇಕು?" ಎಂದು ಅಕ್ಕ ಕೇಳಿದರು.

"ಯಾರದಾದ್ರೂ ನಡೀತದ. ಹಿಮ್ಮಡ ಸವೆದಿರಬಾರ್ದು."

ಅಕ್ಕ ಒಳಗೆ ಹೋಗಿ ಗಂಡನ ನೀಲಿ ಚಪ್ಪಲಿ ತಂದರು. ಗಂಡ ಆಗಲೇ ಕೆಲಸಕ್ಕೆ ಹೋಗಿದ್ದರು. "ಬಾತ್‌ರೂಮಿಗೆ ಹಾಕ್ಕೊಳ್ತಾರೆ. ಒಂದು ಕಾಲಿಗೆ ಸಾಕು ಅಂತ ಹೇಳ್ತೇನೆ," ಎಂದರು.

ಕಾಕಾ ಬ್ಲೇಡಿನಿಂದ ಹಿಮ್ಮಡಿಯ ರಬ್ಬರಿನಲ್ಲಿ ಒಂದು ಉಂಗುರ ಕತ್ತರಿಸಿದರು. ಅದನ್ನು ನಟ್ಟಿನೊಳಗೆ ಕೂರಿಸಿದರು. ನಟ್ಟಿನ ಮೂತಿಗೆ ಪೈಪು ಏರಿಸಿ ಕ್ಲಾಂಪ್ ಬಿಗಿದರು. ಆಮೇಲೆ ನಟ್ಟನ್ನು ಅಕ್ಕನ ಕೈಗೆ ಕೊಟ್ಟರು.

"ನಾನಾ?"

"ದಿನಾ ಹಚ್ಚೋರು ಯಾರು? ನಾನೇನು?"

ಅಕ್ಕ ಆಪರೇಶನ್ ಆದ ಕಾಲನ್ನು ಪಕ್ಕಕ್ಕೆ ಇಟ್ಟು ಬಗ್ಗಿದರು. ಎರಡು ಬೆರಳಿನಲ್ಲಿ ತಿರುಗಿಸಿದರು. ಒಂದು ಸುತ್ತು. ಎರಡು. ನಾನು ಉಸಿರು ಹಿಡಿದದ್ದು ಅಲ್ಲಿ, ಆ ಗಾಯವಾದ ಹಲ್ಲಿನ ಹತ್ತಿರ. ಅದು ದಾಟಿತು. ಮೂರು, ನಾಲ್ಕು, ಐದು. ಐದರಲ್ಲಿ ಮೆತ್ತಗೆ ನಿಂತಿತು. ಸ್ಪ್ಯಾನರ್ ಬೇಕಾಗಲಿಲ್ಲ.

ಆರೂಕಾಲಿಗೆ ಪಂಪು ಶುರುವಾಯಿತು. ಪೈಪು ಹಾವಿನಂತೆ ಒಮ್ಮೆ ಹೊರಳಿ ತುಂಬಿಕೊಂಡಿತು. ಆ ತುದಿಯಿಂದ ನೀರು ಬಳ್ಳಿಯ ಬುಡಕ್ಕೆ ಹೋಯಿತು. ಈ ತುದಿಯಲ್ಲಿ ನಾವು ಮೂವರೂ ನಲ್ಲಿಯನ್ನೇ ನೋಡುತ್ತ ನಿಂತೆವು. ನಟ್ಟಿನ ಸುತ್ತ ಏನೂ ಬರಲಿಲ್ಲ. ಕಾಕಾ ನಟ್ಟಿನ ಕೆಳಗೆ ಕೈಯ ಹಿಂಬದಿಯನ್ನು ಹಿಡಿದು ತೋರಿಸಿದರು. ಕೂದಲು ಒಣಗಿದ್ದವು.

ಅಕ್ಕ ಮೊದಲು ಬಸಳೆಯ ದೊಡ್ಡ ಕಟ್ಟೊಂದನ್ನು ಕೊಯ್ದು ಕಾಕಾ ಅವರ ಚೀಲಕ್ಕೆ ಹಾಕಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಇದನ್ನ ಹೆಂಗ ತಿಂತಾರ ತಂಗೀ?" ಎಂದು ಕಾಕಾ ಕೇಳಿದರು. "ನಮ್ಮ ಕಡೆ ಇಲ್ಲ ಇದು."

"ತೆಂಗಿನಕಾಯಿ ಹಾಕಿ ಹುಳಿ ಮಾಡ್ಲಿಕ್ಕೆ. ನೀವು ಕೂತ್ಕೊಳ್ಳಿ, ಇವತ್ತು ಉಂಡೇ ಹೋಗುದು."

ಮರುದಿನ ಭಾನುವಾರ, ಮೀಟಿಂಗಿನ ದಿನ, ಸೆಕ್ರೆಟರಿ ಬೆಳಿಗ್ಗೆ ಆರೂ ಹತ್ತಕ್ಕೆ ಹಿಂದಕ್ಕೆ ಬಂದರು. ಬಗಲಲ್ಲಿ ಅವತ್ತಿನ ಮರಾಠಿ ಪತ್ರಿಕೆ. ಅದರ ಹೊರಹಾಳೆಯನ್ನು ತೆಗೆದು ನಲ್ಲಿಯ ಕೆಳಗೆ ಹಾಸಿದರು. ಸ್ಟೂಲು ತರಿಸಿಕೊಂಡು ಕೂತು, ಉಳಿದ ಹಾಳೆಗಳನ್ನು ಓದತೊಡಗಿದರು. ಅಕ್ಕ ನೀರು ಬಿಟ್ಟರು. ಮುಕ್ಕಾಲು ಗಂಟೆ ಯಾರೂ ಕದಲಲಿಲ್ಲ. ಏಳಕ್ಕೆ ಪಂಪು ನಿಂತಿತು. ಸೆಕ್ರೆಟರಿ ಹಾಸಿದ ಹಾಳೆಯನ್ನು ಎತ್ತಿ, ಎರಡೂ ಬದಿ ನೋಡಿ, ಉಳಿದ ಹಾಳೆಗಳ ಜೊತೆ ಸೇರಿಸಿ ಮಡಚಿದರು.

"ಈ ಪುಟ ನಾನಿನ್ನೂ ಓದಿಲ್ಲ," ಎಂದು ಹೇಳಿ ಹೋದರು.

ಮೀಟಿಂಗ್ ಹನ್ನೊಂದಕ್ಕೆ, ಕಟ್ಟಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ನಡೆಯಿತು. ಸ್ಕೂಟರಿನವರು ಮೊದಲು ಮಾತಾಡಿದರು. ಅವರ ಕಷ್ಟವೂ ಸುಳ್ಳಲ್ಲ. ಹೊರಗೆ ನಿಲ್ಲಿಸಿದ ಗಾಡಿಗಳನ್ನು ಮುನಿಸಿಪಾಲಿಟಿಯವರು ಎತ್ತಿಕೊಂಡು ಹೋಗುತ್ತಿದ್ದರು. ಒಬ್ಬರು, ಬಸಳೆ ಬಾಜಾರಿನಲ್ಲೂ ಸಿಗುತ್ತದೆ ಎಂದರು. ಅಕ್ಕ ಎದ್ದು ನಿಂತರು. ತಯಾರಿ ಮಾಡಿಕೊಂಡಿದ್ದ ಮಾತೆಲ್ಲ ಮರೆತು, "ಸಿಗ್ತದೆ. ಅದು ನಾನು ಹೇಳಿದ್ರೆ ಕೇಳುದಿಲ್ಲ," ಎಂದು ಕನ್ನಡದಲ್ಲೇ ಹೇಳಿ ಕೂತರು. ಅರ್ಥವಾದವರು ನಕ್ಕರು, ಅರ್ಥವಾಗದವರು ನಕ್ಕವರನ್ನು ನೋಡಿ ನಕ್ಕರು. ಸೆಕ್ರೆಟರಿ, ಮುಕ್ಕಾಲು ಗಂಟೆ ಸ್ವತಃ ಕೂತು ನೋಡಿದ್ದಾಗಿಯೂ ಒಂದು ಹನಿ ಸೋರಲಿಲ್ಲವೆಂದೂ ಹೇಳಿದರು. ಗೇಟಿನ ಕಡೆಯ ಹತ್ತು ಅಡಿಗೆ ಪೇವರ್ ಬ್ಲಾಕ್ ಹಾಕುವುದು, ಉಳಿದ ಪಟ್ಟಿಯನ್ನು ಹಾಗೇ ಬಿಡುವುದು ಎಂದು ನಿರ್ಣಯವಾಯಿತು. ಆ ಹತ್ತು ಅಡಿಯಲ್ಲಿದ್ದ ಕೆಸುವಿನ ಗೆಡ್ಡೆಗಳನ್ನು ಅಕ್ಕ ಮರುವಾರ ಕಿತ್ತು ಚಪ್ಪರದ ಒಳಬದಿಗೆ ನೆಟ್ಟರು.

ಕಾಕಾ 2012ರಲ್ಲಿ ವಿಜಾಪುರದ ಕಡೆಯ ತಮ್ಮ ಊರಿಗೆ ಮರಳಿದರು. 2014ರಲ್ಲಿ ಅಕ್ಕ ಮತ್ತು ಅವರ ಗಂಡ ಕಾಮೋಠೆಯಲ್ಲಿ ಮಗಳ ಮನೆಯ ಹತ್ತಿರ ಫ್ಲ್ಯಾಟ್ ಮಾಡಿಕೊಂಡು ಹೋದರು. ಹೋಗುವಾಗ ಒಂದು ಗೇಣು ದಂಟು ಒಯ್ದರು. ಪೈಪನ್ನೂ ನಟ್ಟನ್ನೂ ಬಿಟ್ಟು ಹೋದರು.

ಮನೆ ಬದಲಿಸಿದ ಮೇಲೆ ನಾನು ಆ ಕಟ್ಟಡಕ್ಕೆ ಕೊನೆಯ ಸಲ ಹೋದದ್ದು 2016ರ ಮಾರ್ಚ್‌ನಲ್ಲಿ. ಪಟ್ಟಿಯಲ್ಲಿ ಬಸಳೆ ಇತ್ತು. ಬೆಳಿಗ್ಗೆ ಆರೂಕಾಲಿಗೆ ನೀರು ಬಿಡುತ್ತಿದ್ದವರು ಸೆಕ್ರೆಟರಿಯ ಹೆಂಡತಿ.